ತಲೆಯ ಮೇಲೆ ಮೂರು ಲಾರಿ

ಜೂನ್ 1, 1998, ಸೋಮವಾರ

ಶಾಲೆ ಆರಂಭವಾಯಿತು. ಅದರ ಜೊತೆಗೆ ನನ್ನ ಮೇಲಿನ ಅನ್ಯಾಯವೂ ಆರಂಭವಾಯಿತು.

ವಿಜ್ಞಾನದ ಮಾಸ್ತರರು ರಜೆಯಲ್ಲಿಯೇ ರಾಮದುರ್ಗದ ಕಡೆ ಬದಲಿ ಮಾಡಿಸಿಕೊಂಡು ಹೋಗಿಬಿಟ್ಟಿದ್ದಾರೆ. ಹೋಗುವಾಗ ಪ್ರಯೋಗದ ಪೆಟ್ಟಿಗೆಯ ಕೀಲಿಕೈಯನ್ನು ನನ್ನ ಮೇಜಿನ ಮೇಲಿಟ್ಟು ಒಂದು ಚೀಟಿ ಬರೆದಿದ್ದಾರೆ: ‘ಗೌರೀಶ ಸರ್, ಇನ್ನು ನಿಮ್ಮ ಜವಾಬ್ದಾರಿ.’ ಪೆಟ್ಟಿಗೆ ತೆಗೆದೆ. ಒಡೆದ ಭೂತಗನ್ನಡಿ ಒಂದು, ಅಯಸ್ಕಾಂತ ಒಂದು, ಇಲಿಯ ಸಂಸಾರ ಒಂದು. ಅಯಸ್ಕಾಂತಕ್ಕೂ ಇಲಿಗೂ ಪರಸ್ಪರ ಯಾವ ಸೆಳೆತವೂ ಇಲ್ಲವೆಂದು ಕಂಡುಬಂತು. ಹೀಗೆ ನನ್ನ ಮೊದಲ ಪ್ರಯೋಗ ಮುಗಿಯಿತು.

ಇಪ್ಪತ್ತಾರು ವರ್ಷ ಕನ್ನಡ ಕಲಿಸಿದವನು ನಾನು. ಲಘು ಗುರು ಹಾಕು ಎಂದರೆ ನಿದ್ದೆಯಲ್ಲಿಯೂ ಹಾಕುತ್ತೇನೆ. ಈಗ ಏಳನೆಯ ಇಯತ್ತೆಗೆ ‘ಬಲ ಮತ್ತು ರಚನೆಗಳು’ ಕಲಿಸಬೇಕಂತೆ. ಅದನ್ನೂ ಹೇಳಿ ಕಲಿಸುವ ಹಾಗಿಲ್ಲ, ಮಾಡಿಸಿ ಕಲಿಸಬೇಕು ಎಂದು ಕೈಪಿಡಿಯಲ್ಲಿದೆ. ಮಕ್ಕಳು ತಾವೇ ಪ್ರಶ್ನೆ ಕೇಳಿ ತಾವೇ ಉತ್ತರ ಹುಡುಕಬೇಕಂತೆ. ಹಾಗಾದರೆ ಸಂಬಳವನ್ನೂ ಅವರಿಗೇ ಕೊಡಲಿ.

ಬೈಲಹೊಂಗಲಕ್ಕೆ ವರ್ಗಾವಣೆ ಕೇಳಿ ಅರ್ಜಿ ಹಾಕಬೇಕು. ಮನೆ ಅಲ್ಲಿದೆ, ಹೆಂಡತಿ ಶೈಲಜಾ ಅಲ್ಲಿದ್ದಾಳೆ. ಯರಗಟ್ಟಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಬರುವ ಈ ಊರಿನ ಬಾಡಿಗೆ ಕೋಣೆಯಲ್ಲಿ ನಾನೊಬ್ಬನೇ ಇದ್ದೇನೆ. ಜುಲೈ ಮೂವತ್ತೊಂದು ಕೊನೆಯ ದಿನ. ಮರೆಯಬಾರದು.

ಜೂನ್ 5, ಶುಕ್ರವಾರ

ಇಂದು ಮಾಳಿಗೆ ಸೇವೆ. ವರ್ಷದಲ್ಲಿ ಇದೊಂದು ದಿನ ಈ ಊರಿನ ಮೇಲೆ ನನಗೆ ಪ್ರೀತಿ ಉಕ್ಕುತ್ತದೆ.

ನಮ್ಮ ಶಾಲೆಯ ದೊಡ್ಡ ಕೋಣೆಯದು ಹಳೆಯ ಕಾಲದ ಮಣ್ಣಿನ ಮಾಳಿಗೆ. ನಡುವೆ ದೊಡ್ಡ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಎಲ್ಲದರ ಮೇಲೆ ಮಣ್ಣು. ಜೂನಿನ ಮಿರಗದ ಮಳೆ ಬೀಳುವ ಮೊದಲು ಊರವರು ಕರ್ಲಮಣ್ಣು ತಂದು ಹರವಿ, ಬಡಿದು, ಸೋರದಂತೆ ಮಾಡುತ್ತಾರೆ. ನಾನು ಬರುವ ಮೊದಲು ಕಾಟಾಚಾರಕ್ಕೆ ಹತ್ತಿಪ್ಪತ್ತು ಬುಟ್ಟಿ ಬೀಳುತ್ತಿತ್ತಂತೆ. ನಾನು ಬಂದ ವರ್ಷವೇ ಒಂದು ಪದ್ಧತಿ ಹಾಕಿದೆ. ಯಾವ ಮನೆಯವರು ಹೆಚ್ಚು ಬುಟ್ಟಿ ತರುತ್ತಾರೋ ಅವರಿಗೆ ಸಭೆಯಲ್ಲಿ ಒಂದು ತೆಂಗಿನಕಾಯಿ ಮತ್ತು ನನ್ನದೊಂದು ಭಾಷಣ. ಅಂದಿನಿಂದ ಬುಟ್ಟಿಗಳು ನೂರರ ಲೆಕ್ಕದಲ್ಲಿ ಬರುತ್ತಿವೆ. ಜನ ಕಾಯಿಗಾಗಿ ಬರುತ್ತಾರೆ, ಭಾಷಣವನ್ನು ಯಾರೂ ಕೇಳುವುದಿಲ್ಲ ಎಂದು ಶೈಲಜಾ ಹೇಳುತ್ತಾಳೆ. ಆಕೆಯೂ ಕೇಳಿಲ್ಲ.

ಈ ವರ್ಷ ಮುನ್ನೂರ ಹನ್ನೆರಡು ಬುಟ್ಟಿ. ಕಾಯಿ ಎಂದಿನಂತೆ ಶಿಕ್ಷಣ ಸಮಿತಿಯ ಅಧ್ಯಕ್ಷರಾದ ಸತ್ಯಪ್ಪನವರ ಮನೆಗೆ.

ಮೇಲೆ ನಿಂತು ಮಣ್ಣು ಬಡಿಯುತ್ತಿದ್ದ, ಮನೆ ಕಟ್ಟುವ ಗೌಂಡಿ ಮೀರಾಸಾಬ ಇಳಿದು ಬಂದು, ‘ಸರ, ಹಳೀದು ಕೆರದು ತಗದು ಹೊಸಾದು ಹಾಕಬೇಕಾಗಿತ್ರಿ. ನಾವು ಬರೇ ಹಾಕ್ಕೋಂತನ ಹೊಂಟೇವಿ’ ಎಂದ.

‘ಮೀರಾಸಾಬ, ಸೇವಾಕ್ಕ ಅಳತಿ ಇರತೈತೇನು?’ ಎಂದೆ.

ಅವನು ಮಾಳಿಗೆ ನೋಡಿದ, ನನ್ನನ್ನು ನೋಡಿದ, ತಂಬಾಕು ತೆಗೆದು ಬಾಯಿಗೆ ಹಾಕಿಕೊಂಡ. ಉತ್ತರ ಹೊಳೆಯದವರಿಗಾಗಿಯೇ ದೇವರು ತಂಬಾಕನ್ನು ಸೃಷ್ಟಿಸಿದ್ದಾನೆ.

ಜೂನ್ 16, ಮಂಗಳವಾರ

ಕೈಪಿಡಿಯ ಮೊದಲ ಚಟುವಟಿಕೆ: ಹಾಳೆಯ ಸೇತುವೆ. ಎರಡು ಇಟ್ಟಿಗೆಯ ನಡುವೆ ಹಾಳೆ ಹಾಸಿ ಮೇಲೊಂದು ಸೀಮೆಸುಣ್ಣದ ಖಡು ಇಡಬೇಕು. ಇಟ್ಟೆ. ಹಾಳೆ ಕುಸಿಯಿತು. ‘ನೋಡಿದಿರಾ, ಹಾಳೆ ಇರೂದು ಬರಿಯಾಕ’ ಎಂದು ಹೇಳಿ ಪಾಠ ಮುಗಿಸುವವನಿದ್ದೆ.

ಹಿಂದಿನ ಸಾಲಿನಿಂದ ಒಬ್ಬಳು ಎದ್ದು ಬಂದಳು. ಮೀರಾಸಾಬನ ಮಗಳು ಶಬನಮ್. ಅದೇ ಹಾಳೆಯನ್ನು ಸೀರೆಯ ನಿರಿಗೆಯಂತೆ ಮಡಚಿ ಇಟ್ಟಳು. ಖಡು ನಿಂತಿತು. ಖಡುವಿನ ಪೆಟ್ಟಿಗೆಯೂ ನಿಂತಿತು. ಅಷ್ಟಕ್ಕೆ ಬಿಡಬೇಕೋ ಬೇಡವೋ? ನಾಲ್ಕು ಹಾಳೆ ಸುರುಳಿ ಸುತ್ತಿ, ಕಂಬದಂತೆ ನಿಲ್ಲಿಸಿ, ಅವುಗಳ ಮೇಲೆ ನನ್ನ ನಿಘಂಟನ್ನು ತಂದಿಟ್ಟರು. ಒಂದು ಸಾವಿರದ ಇನ್ನೂರು ಪುಟ. ಅಲುಗಲಿಲ್ಲ. ಇಷ್ಟು ವರ್ಷ ಈ ಊರಿನಲ್ಲಿ ಆ ನಿಘಂಟಿನ ಭಾರ ಹೊತ್ತವನು ನಾನೊಬ್ಬನೇ ಎಂದು ತಿಳಿದಿದ್ದೆ. ನಾಲ್ಕು ಕೊಳವೆ ಸಾಕಂತೆ.

‘ಸರ, ಇದರ ಮ್ಯಾಲ ನೀವೂ ನಿಂದ್ರತೀರೇನ್ರಿ?’ ಎಂದು ಅಪ್ಪು ಕೇಳಿದ. ಮೊದಲ ಬೆಂಚಿನವನು, ಬಾಯಿಗೆ ಬೀಗವಿಲ್ಲ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಬೆಂಚು ಯಾಕೆ ಮುರಿಯುವುದಿಲ್ಲ ಎಂದು ಅಲ್ಲಿಂದಲೇ ಕೇಳಿದ.

ಶಿಸ್ತು ಎಂಬ ಪದವೊಂದು ನಿಘಂಟಿನಲ್ಲಿದೆ. ಅದು ಕೊಳವೆಗಳ ಮೇಲೆ ನಿಂತಿದೆ.

ಜೂನ್ 22

ಇಂದಿನ ಚಟುವಟಿಕೆ: ಜೋಳದ ದಂಟು, ಜಾಲಿಮುಳ್ಳು. ದಂಟಿನ ಚೌಕ ಮಾಡಿ ತಳ್ಳಿದರೆ ಓರೆಯಾಗಿ ಬೀಳುತ್ತದೆ. ಮೂಲೆಯಿಂದ ಮೂಲೆಗೆ ಇನ್ನೊಂದು ದಂಟು ಚುಚ್ಚಿದರೆ ಬೀಳುವುದಿಲ್ಲ. ಕೋಣೆ ತುಂಬ ಸಿಪ್ಪೆ. ಉಳಿದ ದಂಟನ್ನು ಅಗಿದವರು ಯಾರೆಂಬ ವಿಚಾರಣೆಗೆ ಇಪ್ಪತ್ತು ನಿಮಿಷ ಹೋಯಿತು.

ಸಂಜೆ ನನ್ನ ಕೋಣೆಯಲ್ಲಿ ನಾನೂ ಒಂದು ಮಾಡಿ ತಳ್ಳಿ ನೋಡಿದೆ. ಕೈ ಖಾಲಿ ಇತ್ತು, ಅದಕ್ಕೆ.

ಜೂನ್ 27, ಶನಿವಾರ

ಇಂದಿನ ಘಟನೆಯನ್ನು ಖಂಡಿಸುತ್ತೇನೆ.

‘ಸರ,’ ಎಂದಳು ಶಬನಮ್. ‘ಹಾಳಿ ಎಷ್ಟು ಹೊರತೈತಿ ನೋಡಿದ್ವಿ. ದಂಟು ನೋಡಿದ್ವಿ. ನಮ್ಮ ತೊಲಿ ಎಷ್ಟು ಹೊರತೈತ್ರಿ?’

‘ಹೊರಲಾರದ್ದಕ್ಕ ತೊಲಿ ಅಂತಾರೇನು?’

‘ಬಗ್ಗೇತ್ರಿ ಅದು.’

ನಲವತ್ತಮೂರು ಮಕ್ಕಳು ಮೇಲೆ ನೋಡಿದರು. ನಾನೂ ನೋಡಿದೆ. ನಡುವಿನಲ್ಲಿ ತುಸು ಬಗ್ಗಿದಂತೆ ಕಂಡಿತು. ಐವತ್ತು ದಾಟಿದ ಮೇಲೆ ಯಾರು ಬಗ್ಗುವುದಿಲ್ಲ? ಹಾಗೆಂದು ಹೇಳಿದೆ. ಯಾರೂ ನಗಲಿಲ್ಲ.

ಊಟದ ಬಿಡುವಿನಲ್ಲಿ ಅವರು ತೊಲೆಯ ನಟ್ಟನಡುವಿಗೆ ದಾರ ಕಟ್ಟಿ, ಹಳ್ಳದ ಗುಂಡುಕಲ್ಲೊಂದನ್ನು ನೆಲಕ್ಕೆ ತಾಗದಂತೆ ಇಳಿಬಿಟ್ಟಿದ್ದಾರೆ. ಕಲ್ಲಿಗೂ ನೆಲಕ್ಕೂ ನಡುವೆ ಒಂದು ಕಡ್ಡಿಪೆಟ್ಟಿಗೆ ಉದ್ದಕ್ಕೆ ಸರಿಯಾಗಿ ನಿಲ್ಲುತ್ತದೆ. ತೊಲೆ ಬಗ್ಗಿದರೆ ಕಲ್ಲು ಇಳಿಯುತ್ತದೆ, ಕಡ್ಡಿಪೆಟ್ಟಿಗೆ ನಿಲ್ಲುವುದಿಲ್ಲ. ದಿನವೂ ನೋಡುತ್ತಾರಂತೆ.

ನನ್ನ ತಕರಾರು ಅದಲ್ಲ. ನಾನು ನಿಂತು ಪಾಠ ಮಾಡುವವನಲ್ಲ. ಕರಿಹಲಗೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕರಿಹಲಗೆಗೆ ನಡೆದಾಡುತ್ತ ಮಾಡುವವನು. ಇಪ್ಪತ್ತಾರು ವರ್ಷದ ರೂಢಿ ಅದು. ಆ ದಾರಿಯ ನಟ್ಟನಡುವೆ ಕಲ್ಲು. ಮಧ್ಯಾಹ್ನ ಎರಡು ಸಲ ಎಡವಿದೆ. ಎರಡನೆಯ ಸಲ ಅಪ್ಪು, ‘ಸರ, ಕಲ್ಲಿಗೆ ಪೆಟ್ಟಾತೇನ್ರಿ?’ ಎಂದ.

ಜುಲೈ 4

ವಾರವೆಲ್ಲ ಮಳೆ. ಮಾಳಿಗೆ ಸೋರಲಿಲ್ಲ. ಇದು ನನ್ನ ಪದ್ಧತಿಯ ಫಲವೆಂದು ತರಗತಿಯಲ್ಲಿ ಹೇಳುತ್ತಿರುವಾಗಲೇ ಶಬನಮ್ ನೆಲಕ್ಕೆ ಕುಳಿತು ಕಡ್ಡಿಪೆಟ್ಟಿಗೆ ಇಟ್ಟು ನೋಡಿದಳು. ಉದ್ದಕ್ಕೆ ನಿಲ್ಲಲಿಲ್ಲ. ಅಡ್ಡ ಅಂಚಿನ ಮೇಲೆ ನಿಂತಿತು.

‘ದಾರ ಹಿಗ್ಗಿರತೈತಿ,’ ಎಂದೆ. ‘ಕಲ್ಲಿನ ಭಾರಕ್ಕ. ಯರಗಟ್ಟಿ ಸಂತಿ ದಾರ ಅದು. ತೊಲಿ ಮ್ಯಾಲ ಅಪವಾದ ಹೊರಸಬ್ಯಾಡ್ರಿ.’

ಎಂಥ ವಾದ. ನನಗೇ ಮೆಚ್ಚುಗೆಯಾಯಿತು.

ಜುಲೈ 6, ಸೋಮವಾರ

ಗೋಡೆಯ ಗೂಟಕ್ಕೆ ಇನ್ನೊಂದು ದಾರ ಕಟ್ಟಿದ್ದಾರೆ. ಅದೇ ಉಂಡೆಯ ದಾರ, ಅಷ್ಟೇ ತೂಕದ ಕಲ್ಲು, ಕೆಳಗೆ ಅಷ್ಟೇ ಅಂತರ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಕಲ್ಲು ತೂಗಿಸಿಕೊಂಡು ಬಂದರಂತೆ. ‘ಹಿಗ್ಗೂದಿದ್ರ ಎರಡೂ ಹಿಗ್ಗಬೇಕಲ್ರಿ ಸರ’ ಎಂದಳು.

ನನ್ನ ವಾದಕ್ಕೆ ಇಷ್ಟು ಗೌರವವನ್ನು ಇದುವರೆಗೆ ಯಾರೂ ಕೊಟ್ಟಿರಲಿಲ್ಲ. ಉದ್ಧಟತನ.

ಜುಲೈ 9, ಗುರುವಾರ

ಗೂಟದ ಕಲ್ಲು ಇದ್ದಲ್ಲೇ ಇದೆ. ತೊಲೆಯ ಕಲ್ಲು ಇನ್ನೂ ಒಂದು ಕೂದಲೆಳೆ ಇಳಿದಿದೆ.

ಮಳೆ ನಿಂತು ಹೊಳವಾಗಿತ್ತು. ಮೀರಾಸಾಬ ನಿಚ್ಚಣಿಕೆ ಹಾಕಿಕೊಟ್ಟ. ಶಬನಮ್, ಅಪ್ಪು, ಅವರ ಹಿಂದೆ ಶಾಲೆಯ ಮಾನ ಕಾಪಾಡಲು ನಾನು. ಮಾಳಿಗೆಯ ಬೆಳಕಿಂಡಿಯ ಒಳಬದಿಯಲ್ಲಿ ಮಣ್ಣು ಎಷ್ಟು ದಪ್ಪವಿದೆ ಎಂದು ಕಾಣುತ್ತದೆ. ಪ್ರತಿ ವರ್ಷದ ಮಣ್ಣಿನದೂ ಬೇರೆ ಪದರು, ಒಂದರ ಮೇಲೊಂದು. ಅಪ್ಪುವಿನ ಕೈ ಭುಜದವರೆಗೆ ಇಳಿಯಿತು.

ಇಳಿದು ಬಂದು ಕರಿಹಲಗೆಯ ಮೇಲೆ ಲೆಕ್ಕ ಮಾಡಿದರು. ಬುಟ್ಟಿಗೆ ಹತ್ತು ಕಿಲೋ, ವರ್ಷಕ್ಕೆ ಮುನ್ನೂರು ಬುಟ್ಟಿ, ದಪ್ಪ ಪದರು ಹತ್ತು. ಶಬನಮ್ ಉತ್ತರದ ಕೆಳಗೆ ಗೆರೆ ಎಳೆದು, ‘ಕಬ್ಬು ಹೇರಿದ ಮೂರು ಲಾರಿ, ಸರ. ನಮ್ಮ ತಲಿ ಮ್ಯಾಲ ನಿಂತಾವು. ಮಳಿ ನೀರು ಕುಡದ್ರ ಇನ್ನೂ ಜಾಸ್ತಿ’ ಎಂದಳು.

ಮೊದಲ ಬೆಂಚಿನವರು ಗೋಡೆಯ ಕಡೆ ಸರಿದರು. ಆಗ ಅವಳೇ, ‘ಒಂದು ತಿಳೀಲಿಲ್ರಿ. ಕೆಳಗಿನ ಪದರು ಎಲ್ಲಾ ರೊಟ್ಟಿಯಷ್ಟು ತೆಳ್ಳಗ ಅದಾವು. ಮ್ಯಾಲಿನ ಹತ್ತು ಮಾತ್ರ ಇಟ್ಟಂಗಿಯಷ್ಟು ದಪ್ಪ. ಹತ್ತು ವರ್ಷದಿಂದ ಏನಾತ್ರಿ ಸರ?’ ಎಂದಳು.

ಶಾಲೆ ಬಿಡುವ ಗಂಟೆ ಹೊಡೆಸಿದೆ. ಇನ್ನೂ ಮೂರೂವರೆ ಆಗಿತ್ತು.

ಜುಲೈ 10

ತಲೆನೋವು. ರಜೆ.

ನಾನು ಈ ಊರಿಗೆ ಬಂದದ್ದು ಎಂಬತ್ತೊಂಬತ್ತರಲ್ಲಿ. ಇದನ್ನು ಇಲ್ಲಿ ಬರೆಯುವ ಅಗತ್ಯವಿರಲಿಲ್ಲ.

ಜುಲೈ 13, ಸೋಮವಾರ

ಸತ್ಯಪ್ಪನವರ ಮನೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

‘ಅಧ್ಯಕ್ಷರ, ಸಾಲಿ ಮಾಳಗಿ ಮ್ಯಾಲ ಮಣ್ಣು ಭಾಳ ಆಗೇತ್ರಿ. ಇಳಸಬೇಕು.’

‘ಇಳಸೂದು?’ ಸುಣ್ಣದ ಬೆರಳು ನಿಂತಿತು. ‘ಗುರುಗಳ, ಕೊಟ್ಟ ದಾನ ತಿರಗಿ ತಗೊಂಡವರು ಏಳು ಜನ್ಮ ಮಣ್ಣಹುಳ ಆಗಿ ಹುಟ್ಟತಾರ.’

‘ಯಾರು ಹೇಳಿದ್ರಿ ಹಂಗ?’

‘ನೀವ. ತೊಂಬತ್ತೆರಡರ ಭಾಷಣದಾಗ.’

ನನ್ನ ಭಾಷಣವನ್ನು ಯಾರೂ ಕೇಳುವುದಿಲ್ಲ ಎಂದು ಶೈಲಜಾ ಹೇಳುತ್ತಿದ್ದಳು. ಕೇಳಿದ್ದಾರೆ. ಇಸವಿಯ ಸಮೇತ ಇಟ್ಟುಕೊಂಡಿದ್ದಾರೆ. ಒಬ್ಬ ಮಾಸ್ತರನ ಬಾಳಿನಲ್ಲಿ ಇದಕ್ಕಿಂತ ದೊಡ್ಡ ವಿಪತ್ತು ಇರಲಾರದು.

ಕಡ್ಡಿಪೆಟ್ಟಿಗೆಯ ಕಥೆ ಹೇಳಿದೆ. ಅವರ ಮುಖ ಬಿಗಿಯಿತು. ‘ಆ ತೊಲಿ ನಮ್ಮ ಮುತ್ಯಾ, ನಮ್ಮಪ್ಪನ ಅಪ್ಪ, ದಾಂಡೇಲಿ ಅಡವಿಯಿಂದ ಎಂಟೆತ್ತು ಹೂಡಿ ತರಿಸಿದ್ದು. ಊರಾಗ ಅಷ್ಟುದ್ದದ್ದು ಮತ್ತೊಂದಿಲ್ಲ. ಪ್ರತಿ ಪಂಚಮಿಗೆ ಊರ ಜೋಕಾಲಿ ಅದಕ್ಕ ಕಟ್ಟೂದು, ನಮ್ಮವ್ವ ಮೊದಲ ಜೀಕೂದು. ಅದು ಸೋತೈತಿ ಅಂತ ಒಂದು ಗೌಂಡ್ಯಾನ ಮಗಳು ಹೇಳತಾಳ, ನೀವು ನಂಬತೀರಿ?’

‘ನಂಬತೇನಿ,’ ಎಂದೆ.

ಏಕೆ ಹಾಗೆಂದೆನೋ ಗೊತ್ತಿಲ್ಲ. ಬಾಯಿ ತಪ್ಪಿತು. ಪಂಚಮಿ ಇಪ್ಪತ್ತೆಂಟಕ್ಕೆ. ಜೋಕಾಲಿಯ ಮೇಲೆ ಒಮ್ಮೆಗೆ ಇಬ್ಬರು ನಿಂತು ಜೀಕುತ್ತಾರೆ, ಸುತ್ತಲೂ ಕೋಣೆ ತುಂಬ ಜನ.

ಜುಲೈ 17, ಶುಕ್ರವಾರ

ತಾಲೂಕಿನ ಕಚೇರಿಗೆ ಹೋಗಿ ಬಂದೆ. ಈ ದೇಶದ ಆಡಳಿತವನ್ನು ಹೊತ್ತ ತೊಲೆ ಯಾವುದೆಂದು ಇಂದು ಕಂಡೆ. ಅದು ಒಂದು ನಮೂನೆ. ಅದರ ನಾಲ್ಕನೆಯ ಕಲಮು: ‘ಛಾವಣಿ ಕುಸಿದಿದೆಯೇ? ಹೌದು / ಇಲ್ಲ.’

‘ಇಲ್ಲ’ ಎಂದು ಬರೆದೆ.

‘ಹಂಗಾದ್ರ ದುರಸ್ತಿಗೆ ಬರೂದಿಲ್ರಿ,’ ಎಂದರು ಗುಮಾಸ್ತರು, ಬಹಳ ಸೌಜನ್ಯದಿಂದ. ‘ಕುಸಿದ ಮ್ಯಾಲ ಬರ್ರಿ. ತಕ್ಷಣ ಮಾಡೂಣು.’

‘ಒಳಗ ನಲವತ್ತಮೂರು ಮಕ್ಕಳು ಕುಂದರತಾವ್ರಿ.’

‘ಅದಕ್ಕ ಬ್ಯಾರೆ ನಮೂನಿ ಐತಿ.’

ನಾನು ದನಿ ಏರಿಸಿದೆ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಕಚೇರಿಯಲ್ಲಿ ದನಿ ಏರಿಸಿದ್ದು ಇದೇ ಮೊದಲು. ಏನೇನು ಅಂದೆನೋ ನೆನಪಿಲ್ಲ, ಛಂದಸ್ಸು ಮಾತ್ರ ಸರಿಯಾಗಿತ್ತು. ಬಂದ ಹಾದಿಯಲ್ಲೇ ವರ್ಗಾವಣೆಯ ಅರ್ಜಿಯ ಕೋಣೆಯೂ ಇತ್ತು. ಬಸ್ಸು ಹೊರಡುವ ಹೊತ್ತಾಗಿತ್ತು.

ಜುಲೈ 20, ಸೋಮವಾರ

ಅವಮಾನದ ದಿನ.

ಮಕ್ಕಳು ಅಂಗಳದಲ್ಲಿ ದಂಟು ಮತ್ತು ಮಣ್ಣಿನಿಂದ ಮೊಣಕಾಲೆತ್ತರದ ಶಾಲೆ ಕಟ್ಟಿದರು. ಮೇಲೆ ಮಣ್ಣು ಹಾಕುತ್ತ ಹೋಗಿ, ನೀರು ಸುರಿದು, ಊರ ಹಿರಿಯರ ಕಣ್ಣೆದುರು ಅದನ್ನು ಕುಸಿಯುವಂತೆ ಮಾಡಿ ತೋರಿಸುವುದು ಉಪಾಯ. ನನ್ನದೇ ಉಪಾಯ. ಸತ್ಯಪ್ಪನವರು ಬಂದರು, ಇಪ್ಪತ್ತು ಜನ ಬಂದರು. ಮಣ್ಣು ಹಾಕಿದೆವು. ನಿಂತಿತು. ನೀರು ಸುರಿದೆವು. ನಿಂತಿತು. ಸತ್ಯಪ್ಪನವರು ಪಕ್ಕದಲ್ಲಿದ್ದ ಒಂದು ಕಲ್ಲು ಎತ್ತಿ ಮೇಲಿಟ್ಟರು. ನಿಂತಿತು. ಇಂಥ ದ್ರೋಹವನ್ನು ನಾನು ಜೋಳದಿಂದ ನಿರೀಕ್ಷಿಸಿರಲಿಲ್ಲ.

‘ಗುರುಗಳ, ನಿಮ್ಮ ದಂಟ ಇಷ್ಟು ಹೊತ್ತರ ನಮ್ಮ ಮುತ್ಯಾನ ತೊಲಿ ಎಷ್ಟು ಹೊರಬೇಕು?’

ಎಲ್ಲರೂ ನಕ್ಕು ಹೋದರು. ಶಬನಮ್ ತುಟಿ ಕಚ್ಚಿ ನಿಂತಿದ್ದಳು. ಅಪ್ಪು ಮೊದಲ ಸಲ ಏನೂ ಕೇಳಲಿಲ್ಲ.

ಮೀರಾಸಾಬ ಒಬ್ಬ ಉಳಿದಿದ್ದ. ಕುಕ್ಕುರುಗಾಲಲ್ಲಿ ಕುಳಿತು ಆ ಪುಟ್ಟ ಶಾಲೆಯನ್ನು ನೋಡಿ, ‘ಇದು ಬೀಳೂದಿಲ್ರಿ ಸರ,’ ಎಂದ. ‘ಇರವಿ ತನ್ನಂಥಾ ಹತ್ತು ಇರವಿ ಹೊರತೈತಿ. ಆನಿ ಮ್ಯಾಲ ಹತ್ತು ಆನಿ ನಿಂದ್ರಸ್ರಿ ನೋಡೂಣು. ಸಣ್ಣದು ಅದರ ಲೆಕ್ಕಕ್ಕ ಗಟ್ಟಿ. ದೊಡ್ಡದು ಮಾಡಿದಂಗ ಭಾರ ಓಡತೈತಿ, ಬಲ ನಡಕೋಂತ ಬರತೈತಿ. ನಮ್ಮಪ್ಪ ಹೇಳ್ತಿದ್ದ.’

ಇದನ್ನು ಕೈಪಿಡಿಯಲ್ಲಿ ಹುಡುಕಿದೆ. ಇಲ್ಲ. ಇರಬೇಕಿತ್ತು. ‘ಇದನ್ನ ಜೂನಿನಾಗ ಯಾಕ ಹೇಳಲಿಲ್ಲ?’ ಎಂದು ಗದರಿದೆ.

‘ಜೂನಿನಾಗ ನೀವು ಭಾಷಣ ಮಾಡಾಕ್ಹತ್ತಿದ್ರಿ’ ಎಂದ.

ಜುಲೈ 23

ಕಡ್ಡಿಪೆಟ್ಟಿಗೆ ಅಡ್ಡ ಅಂಚಿನ ಮೇಲೂ ನಿಲ್ಲುವುದಿಲ್ಲ. ಮಲಗಿಸಿದರೆ ಮಾತ್ರ ಹಿಡಿಸುತ್ತದೆ.

ತರಗತಿಯನ್ನು ಬೇವಿನ ಗಿಡದ ಕೆಳಗೆ ತಂದೆ. ಜಿಟಿಜಿಟಿ ಮಳೆ. ಛತ್ರಿ ಹಿಡಿದು ವಿಭಕ್ತಿ ಪ್ರತ್ಯಯ ಹೇಳಿಕೊಟ್ಟೆ. ಮಳೆಯಲ್ಲಿ ಮಕ್ಕಳನ್ನು ಹೊರಗೆ ಕೂರಿಸಿದ್ದಕ್ಕೆ ಮೇಲಿನವರಿಗೆ ಬರೆಯುತ್ತೇನೆಂದು ಸತ್ಯಪ್ಪನವರು ಹೇಳಿ ಕಳಿಸಿದರು. ಬರೆಯಲಿ. ಅದಕ್ಕೂ ಬೇರೆ ನಮೂನೆ ಇರುತ್ತದೆ.

ಜುಲೈ 26, ಭಾನುವಾರ

ಎರಡು ಭಾನುವಾರ ಬೈಲಹೊಂಗಲಕ್ಕೆ ಹೋಗಿಲ್ಲ. ಬಸ್ಸುಗಳು ಸರಿಯಿಲ್ಲ.

ಇಂದು ಹತ್ತು ಗಂಟೆಗೆ ಹುಡುಗರು ಜೋಕಾಲಿಯ ಹಗ್ಗ ಹೊತ್ತು ಬಂದರು. ನಾನು ಕೋಣೆಗೆ ಬೀಗ ಹಾಕಿ, ಕೀಲಿಕೈಯನ್ನು ಒಳಅಂಗಿಯ ಕಿಸೆಗೆ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಸತ್ಯಪ್ಪನವರು ಬಂದರು. ಅವರ ಹಿಂದೆ ಕೋಲೂರುತ್ತ ಅವರ ತಾಯಿ ಗುರವ್ವ. ಎಪ್ಪತ್ತೆಂಟು ವರ್ಷ. ಮೊದಲು ಜೀಕುವವರು. ಅವರ ಹಿಂದೆ ಅರ್ಧ ಊರು.

‘ಕೀಲಿ ಕೊಡ್ರಿ, ಗುರುಗಳ.’

‘ಕೊಡೂದಿಲ್ರಿ.’

‘ನಮ್ಮ ಮುತ್ಯಾನ ತೊಲಿಗೆ ಹೆಸರಿಡತೀರಿ?’

ಭಾಷಣ ಸಿದ್ಧಮಾಡಿಕೊಂಡಿದ್ದೆ. ಮೂರು ಪುಟ, ಒಂದು ವಚನ, ಎರಡು ಗಾದೆ. ಒಂದೂ ಬಾಯಿಗೆ ಬರಲಿಲ್ಲ. ಹೀಗೆ ಹೇಳಿದೆ ಎಂದು ಕಾಣುತ್ತದೆ:

‘ತೊಲಿದು ತಪ್ಪಿಲ್ರಿ. ತಪ್ಪು ನಂದು. ನಿಮ್ಮ ಹಿರಿಯರು ಹಾಕಿದ ಮಣ್ಣು ರೊಟ್ಟಿಯಷ್ಟು. ನಾ ಬಂದು ಕಾಯಿ ಇಟ್ಟಮ್ಯಾಲ ಬಿದ್ದದ್ದು ಇಟ್ಟಂಗಿಯಷ್ಟು. ನೀವು ಪುಣ್ಯಕ್ಕಂತ ಹಾಕಿದ್ರಿ, ನಾ ಹಾಕ್ರಿ ಅಂದೆ. ಮೀರಾಸಾಬ ಬ್ಯಾಡ ಅಂದ, ನಾ ಕೇಳಲಿಲ್ಲ. ಮುತ್ಯಾನ ತೊಲಿ ತಾನು ಹೊರೂದು ಹೊತ್ತು, ನನ್ನ ಹತ್ತು ವರ್ಷದ ಭಾಷಣಾನೂ ಹೊತ್ತೈತಿ. ಇನ್ನ ಸಾಕು ಅದಕ್ಕ.’

ಗುಂಪಿನಲ್ಲಿ ಶಬನಮ್ ನನ್ನನ್ನೇ ನೋಡುತ್ತಿದ್ದಳು. ಒಂಬತ್ತನೆಯ ತಾರೀಖಿನ ಅವಳ ಪ್ರಶ್ನೆಗೆ ಹದಿನೇಳು ದಿನ ತಡವಾಗಿ ಉತ್ತರ ಸಿಕ್ಕಿತು. ಮಾಸ್ತರನ ಮಟ್ಟಿಗೆ ಇದೂ ಒಂದು ದಾಖಲೆ.

‘ಆದ್ರೂ ದಾನ ತಿರಗಿ ತಗೊಳ್ಳೂದು...’ ಎಂದು ಸತ್ಯಪ್ಪನವರು ತೆಗೆದರು. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ.

ಗುರವ್ವ ಕೋಲು ನೆಲಕ್ಕೆ ಕುಟ್ಟಿದರು. ‘ಮನಿಗೆ ಒಯ್ದರ ಪಾಪ. ಸಾಲಿ ಮ್ಯಾಲಿಂದು ಸಾಲಿ ಅಂಗಳಕ್ಕ ಇಳದ್ರ ಎಲ್ಲಿ ಪಾಪ ಬಂತೋ ಸತ್ಯಪ್ಪಾ? ಅಂಗಳದಾಗ ತಗ್ಗು ಬಿದ್ದು ನೀರು ನಿಂತೈತಿ, ಕೂಸುಗೋಳು ಕೆಸರು ತುಳದು ಬರತಾವು. ಅದನ್ನ ತುಂಬ್ರಿ. ದಾನ ಸಾಲಿದು, ಸಾಲ್ಯಾಗ ಇರತೈತಿ.’ ನನ್ನ ಕಡೆ ತಿರುಗಿದರು. ‘ಮಾಸ್ತರ, ಹಾಕಿದವರಿಗೆ ಕಾಯಿ ಕೊಟ್ಟಿ. ಇಳಸಿದವರಿಗೆ ಐತೋ ಇಲ್ಲೋ?’

‘ಐತ್ರಿ, ಅವ್ವಾರ.’

‘ಭಾಷಣ?’

‘ಇಲ್ರಿ.’

‘ಹಂಗಾದ್ರ ಎಲ್ಲಾರೂ ಬರತಾರ.’

ಜುಲೈ 27, ಸೋಮವಾರ

ನಾಳೆ ಪಂಚಮಿ, ಮಣ್ಣಿಗೆ ಸಲಿಕೆ ತಾಗಿಸುವಂತಿಲ್ಲ. ಆದ್ದರಿಂದ ಇಂದೇ ಮುಗಿಯಬೇಕಿತ್ತು.

ಮೀರಾಸಾಬ ನಸುಕಿನಲ್ಲೇ ತೊಲೆಯ ಕೆಳಗೆ ಆಸರೆಗೆಂದು ನಾಲ್ಕು ಜಾಲಿ ಬೊಡ್ಡೆಗಳ ಟೇಕಾ ಕೊಟ್ಟ. ಒಂದೇ ಕಡೆಯಿಂದ ಇಳಿಸಿದರೆ ಇನ್ನೊಂದು ಕಡೆ ಭಾರವಾಗುತ್ತದೆ, ಎರಡೂ ಬದಿ ಸಮ ಇಳಿಸಬೇಕು ಎಂದು ಶಬನಮ್ ಕೆಳಗೆ ನಿಂತು ಬುಟ್ಟಿ ಎಣಿಸಿದಳು. ‘ಈ ಕಡೆ ಸಾಕ್ರಿ, ಆ ಕಡೆ ಹೋಗ್ರಿ’ ಎಂದು ಅವಳು ಅನ್ನುವುದು, ಮೀಸೆ ಹೊತ್ತ ಗಂಡಸರು ಆ ಕಡೆ ಹೋಗುವುದು. ನನ್ನ ಮಾತನ್ನು ಹೀಗೆ ಯಾರೂ ಕೇಳಿಲ್ಲ. ನಾನೂ ಬುಟ್ಟಿ ಹೊತ್ತೆ. ಇಪ್ಪತ್ತೊಂದು. ಸೊಂಟದ ವಿಷಯವನ್ನು ಇಲ್ಲಿ ಬರೆಯುವುದಿಲ್ಲ.

ಮೂರು ಗಂಟೆಗೆ ಗೋಡೆಯ ತಲೆ ಬಯಲಾಯಿತು. ಹತ್ತು ವರ್ಷದ ಮಣ್ಣು ಏರಿ, ಮಳೆನೀರು ಹೊರಗೆ ಬೀಳುವ ದೋಣಿ ಎಂದೋ ಮುಚ್ಚಿಹೋಗಿತ್ತು. ನೀರೆಲ್ಲ ಗೋಡೆಗೆ ಇಳಿದಿತ್ತು. ಗೋಡೆಯೊಳಗೆ ಕುಳಿತ ತೊಲೆಯ ತುದಿ ಕೊಳೆತು ಅವಲಕ್ಕಿಯಂತಾಗಿತ್ತು. ಮೀರಾಸಾಬ ಬೆರಳು ಹಾಕಿದ, ಹೋಯಿತು. ಪಕ್ಕಕ್ಕೆ ಸರಿದ. ಸತ್ಯಪ್ಪನವರು ಬಾಗಿ ಕೈ ಹಾಕಿದರು. ಮೊಣಕೈಯವರೆಗೆ ಹೋಯಿತು. ಉಳಿದದ್ದು ಹೊರಗಿನ ನಾಲ್ಕು ಬೆರಳು ಮರ. ಅಷ್ಟರ ಮೇಲೆ ಮೂರು ಲಾರಿ, ಕೆಳಗೆ ಜೂನ್ ಒಂದರಿಂದ ನಲವತ್ತಮೂರು ಮಕ್ಕಳು, ನಡುವೆ ನಡೆದಾಡುತ್ತ ನಾನು.

ಸತ್ಯಪ್ಪನವರು ಕೈ ಹೊರಗೆ ತೆಗೆದು ಅದಕ್ಕಂಟಿದ ಪುಡಿ ನೋಡಿದರು. ಆಮೇಲೆ ಕೈ ಒರೆಸಿಕೊಂಡು, ರುಮಾಲು ಬಿಚ್ಚಿ ಸಿಂಬಿ ಸುತ್ತಿ ತಲೆಗಿಟ್ಟು, ‘ಬುಟ್ಟಿ ಕೊಡ್ರಲೇ’ ಎಂದರು. ದೀಪ ಹಚ್ಚುವವರೆಗೆ ನಿಲ್ಲಲಿಲ್ಲ.

ಕಾಯಿ ಅವರಿಗೇ ಹೋಯಿತು. ಎಂಬತ್ತಾರು ಬುಟ್ಟಿ. ಈ ವರ್ಷ ಎರಡನೆಯ ಕಾಯಿ. ತೆಗೆದುಕೊಳ್ಳುವಾಗ ನನ್ನ ಮುಖ ನೋಡಲಿಲ್ಲ. ‘ಆ ದಾರ ಭಾಳ ಹುಷಾರ’ ಎಂದಷ್ಟೇ ಹೇಳಿದರು.

ಎಲ್ಲರೂ ಹೋದ ಮೇಲೆ ಮೀರಾಸಾಬ ನಡುವಿನ ಟೇಕಾ ಒಂದಿಷ್ಟು ಸಡಿಲಿಸಿದ. ಶಬನಮ್ ಕಡ್ಡಿಪೆಟ್ಟಿಗೆ ಇಟ್ಟಳು. ಅಡ್ಡ ಅಂಚಿನ ಮೇಲೆ ನಿಂತಿತು. ಉದ್ದಕ್ಕೆ ನಿಲ್ಲಲಿಲ್ಲ.

‘ಪೂರ್ತಿ ಮ್ಯಾಲ ಬರಲಿಲ್ರಿ ಸರ.’

‘ಹತ್ತು ವರ್ಷ ಹೊತ್ತೈತಿ,’ ಎಂದೆ. ‘ಇಷ್ಟು ಬಂದದ್ದ ದೊಡ್ಡದು.’

ಜುಲೈ 28, ನಾಗಪಂಚಮಿ

ಜೋಕಾಲಿ ಬೇವಿನ ಗಿಡಕ್ಕೆ ಕಟ್ಟಿದರು, ಹೊಸದಾಗಿ ತುಂಬಿದ ಅಂಗಳದಲ್ಲಿ. ಟೊಂಗೆಯನ್ನು ಆರಿಸಿದವಳು ಶಬನಮ್, ಕಲ್ಲು ತುಂಬಿದ ಚೀಲ ತೂಗಿಬಿಟ್ಟು ನೋಡಿದ ಮೇಲೆ. ಗುರವ್ವ ಮೊದಲು ಜೀಕಿದರು.

‘ಸರ,’ ಎಂದ ಅಪ್ಪು, ‘ಜೋಕಾಲಿ ಮ್ಯಾಲ ಹೋದಾಗ ಟೊಂಗಿ ಸುಮ್ಮನಿರತೈತಿ, ಕೆಳಗ ಬಂದಾಗ ಜಗ್ಗತೈತಿ. ಅಜ್ಜಿ ಭಾರ ಅಷ್ಟ ಐತಲ್ರಿ?’

ಇಂದು ಸರಕಾರಿ ರಜೆ. ರಜೆಯಲ್ಲಿ ಪ್ರಶ್ನೆ ಕೇಳುವುದು ನಿಯಮಬಾಹಿರ ಎಂದೆ. ಆಮೇಲೆ ಇಬ್ಬರೂ ಗಿಡದ ಕೆಳಗೆ ನಿಂತು ಹನ್ನೆರಡೂವರೆಯವರೆಗೆ ಟೊಂಗೆ ನೋಡಿದೆವು. ಪಂಚಮಿಯ ಉಂಡೆ ತಿನ್ನಲು ತಡವಾಯಿತು, ತಣ್ಣಗಾಗುವ ಭಯ ಮಾತ್ರ ಇರಲಿಲ್ಲ, ಉಂಡೆ ತಣ್ಣಗೇ ಇರುತ್ತದೆ.

ಆಗಸ್ಟ್ 11, ಮಂಗಳವಾರ

ಕೊಳೆತ ತುದಿಯ ಕೆಳಗೆ, ಗೋಡೆಗೆ ಒತ್ತಿ, ಮೀರಾಸಾಬ ಎರಡು ಕಲ್ಲಿನ ಕಂಬ ಏರಿಸಿದ್ದಾನೆ. ಊರವರೇ ಕಲ್ಲು ತಂದರು. ನಿನ್ನೆಯಿಂದ ತರಗತಿ ಒಳಗೆ.

ವರ್ಗಾವಣೆಯ ಅರ್ಜಿಗೆ ಜುಲೈ ಮೂವತ್ತೊಂದು ಕೊನೆಯ ದಿನವಾಗಿತ್ತೆಂದು ಶೈಲಜಾ ಬರೆದಿದ್ದಾಳೆ. ಅದನ್ನು ಆಗಸ್ಟಿನಲ್ಲಿ ಬರೆಯುವುದು ಎಂಥ ಹೆಂಡತಿಯ ಲಕ್ಷಣ? ಖಂಡನೀಯ.

ಇನ್ನೊಂದು ದೂರು. ಕಂಬ ಕಟ್ಟುವಾಗ ನಡುವಿನ ದಾರ ಬಿಚ್ಚಿದ್ದರು, ಮತ್ತೆ ಕಟ್ಟಿಲ್ಲ. ಇಂದು ಸಂಧಿ ಪ್ರಕರಣ ಹೇಳುತ್ತ ಕರಿಹಲಗೆಯಿಂದ ಬಾಗಿಲಿಗೆ ನಡೆಯುತ್ತಿದ್ದೆ. ಮಕ್ಕಳು ನಗತೊಡಗಿದರು. ಯಾಕೆಂದು ಗದರಿದೆ. ಅಪ್ಪು ಎದ್ದು ನಿಂತು, ‘ಸರ, ಅಲ್ಲಿ ಏನೂ ಇಲ್ರಿ. ನೀವು ಎರಡು ದಿನದಿಂದ ಸುತ್ತ ಹಾಕ್ಕೊಂಡು ಹೊಂಟೀರಿ’ ಎಂದ.

ಬೆಂಚಿನ ಮೇಲೆ ನಿಲ್ಲಿಸಿದೆ.

ನಾಳೆ ಹೊಸ ದಾರ ತರಬೇಕು. ಯರಗಟ್ಟಿಯದು ಬೇಡ, ಬೈಲಹೊಂಗಲದ್ದು. ಕಡ್ಡಿಪೆಟ್ಟಿಗೆಯನ್ನು ನಾನೇ ಇಡುತ್ತೇನೆ.